ಕಡಲಿನ ಪರೀಕ್ಷೆ ಯಾವ ಭಾಷೆಯಲ್ಲಿ?

ದಾದರ್ ಚೌಪಾಟಿಯಲ್ಲಿ ನಿಂತರೆ ಮಾಹಿಮ್ ಕಡೆಯ ಕೋಳಿ ಜನರ ದೋಣಿಗಳು ಕಾಣುತ್ತವೆ. ಗಾಳಿ, ಭರತ, ಇಳಿತ ಅವರಿಗೆ ಕರತಲಾಮಲಕ. ಆದರೆ ಅವರ ಮನೆಯ ಹುಡುಗ ವ್ಯಾಪಾರಿ ಹಡಗಿನ ಸೆಕೆಂಡ್ ಮೇಟ್ ಆಗಬೇಕಾದರೆ ಬರೆಯುವುದೂ ಇಂಗ್ಲಿಷಿನಲ್ಲಿ, ಮೌಖಿಕವೂ ಇಂಗ್ಲಿಷಿನಲ್ಲಿ. ನಮ್ಮ ಕಾರವಾರ, ಮಲ್ಪೆಯ ಹುಡುಗರದೂ ಇದೇ ಪಾಡು.

ಇಂಗ್ಲಿಷ್ ಬೇಡ ಅಂತ ನಾನು ಹೇಳ್ತಾ ಇಲ್ಲ, ಮಾರಾಯ್ರೇ. ಹಡಗು ಹಡಗಿನ ಜೊತೆ ರೇಡಿಯೋದಲ್ಲಿ ಮಾತಾಡಲು ಒಂದು ಭಾಷೆ ಬೇಕೇ ಬೇಕು. ಅದಕ್ಕೆಂದೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಸಿದ್ಧವಾಕ್ಯಗಳನ್ನು ಅಂಗೀಕರಿಸಿತು. ಅವನ್ನು ಇಂಗ್ಲಿಷಿನಲ್ಲೇ ಕಲಿಸಿ, ಇಂಗ್ಲಿಷಿನಲ್ಲೇ ಕೇಳಿ. ಆದರೆ 1972ರ ಡಿಕ್ಕಿ ತಡೆ ನಿಯಮ ನೋಡಿ: ಎರಡು ಹಾಯಿ ಹಡಗುಗಳಿಗೆ ಬೇರೆ ಬೇರೆ ಬದಿಯಿಂದ ಗಾಳಿ ಬೀಸುತ್ತಿದ್ದರೆ, ಎಡಬದಿಗೆ ಗಾಳಿ ತಗಲುವ ಹಡಗು ದಾರಿ ಬಿಡಬೇಕು. ಕಾಮರ್ಸಿನವನಾದ ನನಗೂ ಕನ್ನಡದಲ್ಲಿ ಇದು ಅರ್ಥವಾಯಿತಲ್ಲ! ಹುಡುಗನಿಗೆ ಬರುತ್ತದೋ ಇಲ್ಲವೋ ಎಂದು ಅವನ ಭಾಷೆಯಲ್ಲೇ ಕೇಳಲಿ. ದೋಣಿ ಹತ್ತಿಸಿ, ಕೈಗೆ ಚುಕ್ಕಾಣಿ ಕೊಟ್ಟು ನೋಡಲಿ.

1927ರಲ್ಲಿ ಡಫರಿನ್ ತರಬೇತಿ ಹಡಗು ಮುಂಬಯಿಯಲ್ಲೇ ಲಂಗರು ಹಾಕಿ ಹುಡುಗರನ್ನು ನೀರಿನ ಮೇಲೇ ಬೆಳೆಸಿತು. 1972ರಲ್ಲಿ ರಾಜೇಂದ್ರ ಬಂತು. 1993ರಿಂದ ಅದೇ ಪರಂಪರೆ ನವಿಮುಂಬಯಿಯ ನೆರೂಳಿನಲ್ಲಿ, ದಡದ ಕಟ್ಟಡದಲ್ಲಿ, ಚಾಣಕ್ಯ ಎಂಬ ಹೆಸರಿನಲ್ಲಿದೆ. ಹೆಸರಿನ ಹಿಂದೆ ಮಾತ್ರ ಇನ್ನೂ 'ತರಬೇತಿ ಹಡಗು'!

ಕನ್ನಡ ಶಾಲೆಯಿಂದ ಬಂದ ನನಗೆ ಸವಕಳಿ ಎಂದರೇನೆಂದು ಗೊತ್ತಿತ್ತು, ಡೆಪ್ರಿಸಿಯೇಶನ್ ಎಂದು ಬರೆಯಲು ಬರಲಿಲ್ಲ. ಸೊನ್ನೆ ಬಿತ್ತು. ಅದರಿಂದ ಯಾರೂ ಮುಳುಗಲಿಲ್ಲ, ಬಿಡಿ. ಆದರೆ ಇಂಗ್ಲಿಷಿನಲ್ಲಿ ಸೊಗಸಾಗಿ ಉತ್ತರಿಸಿ ಪಾಸಾದವನಿಗೆ ಬಿರುಗಾಳಿಯಲ್ಲಿ ಹಗ್ಗದ ಗಂಟು ಹಾಕಲು ಬಾರದಿದ್ದರೆ, ಆ ಹಡಗಿನಲ್ಲಿರುವವರು ಯಾರನ್ನು ಕೇಳಬೇಕು?