ನಲವತ್ತು ಗುಂಟೆ ಕೊಟ್ಟು ಒಂಬತ್ತು ಗುಂಟೆ ಪಡೆಯುವ ಲೆಕ್ಕ



ಎಕರೆಗೆ ನಲವತ್ತು ಗುಂಟೆ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಎಕರೆಗೆ ಎಷ್ಟು ಸೈಟು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಎರಡನೆಯ ಲೆಕ್ಕ ಸರ್ಕಾರಕ್ಕೆ ಗೊತ್ತು, ಬಿಲ್ಡರಿಗೆ ಗೊತ್ತು, ಊರಿಗೆ ಕಾರಿನಲ್ಲಿ ಬರುವ ದಲ್ಲಾಳಿಗೂ ಗೊತ್ತು. ಗೊತ್ತಿಲ್ಲದವನು ಹೊಲದ ಯಜಮಾನ ಒಬ್ಬನೇ. ಬೆಂಗಳೂರಿನ ಸುತ್ತಲ ರೈತ ಕೆಟ್ಟದ್ದು ಇಲ್ಲೇ. ಈಗ 'ಸ್ಮಾರ್ಟ್ ಸಿಟಿ', 'ಟೌನ್‌ಶಿಪ್', 'ಉದ್ಯಮಾವಕಾಶ' ಎಂಬ ಹೊಸ ಹೆಸರುಗಳಲ್ಲಿ ಅದೇ ಲೆಕ್ಕ ನಮ್ಮ ಬಾಗಿಲಿಗೆ ಬರುತ್ತಿದೆ. ಆದ್ದರಿಂದ ಈ ತಿಂಗಳು ಆ ಲೆಕ್ಕವನ್ನೇ ಬಿಡಿಸಿ ನೋಡೋಣ.

ಬೆಂಗಳೂರಿಗೆ ಕೋರ್ಟು ಕಚೇರಿಗೆಂದು ಹೋದಾಗ ಒಂದು ಕೆಲಸ ಮಾಡಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿಯಿರಿ. 2015ರಲ್ಲಿ ಆ ಕಡೆಗೆ ರೈಲು ಶುರುವಾಯಿತು. ಅಲ್ಲಿಂದ ಚಂದ್ರಾ ಲೇಔಟ್ ಹತ್ತಿರ. ಒಂದು ಮಗ್ಗುಲಲ್ಲಿ ವಿಜಯನಗರ, ಇನ್ನೊಂದು ಮಗ್ಗುಲಲ್ಲಿ ನಾಗರಭಾವಿ. ಎಂಬತ್ತು ಅಡಿ ರಸ್ತೆಯ ಉದ್ದಕ್ಕೂ ಅಂಗಡಿ, ಹೋಟೆಲು, ಬ್ಯಾಂಕು, ಔಷಧಿ ಮಳಿಗೆ. ಸುತ್ತಲ ಹೆಸರುಗಳನ್ನು ಓದಿ: ಅತ್ತಿಗುಪ್ಪೆ, ಮೂಡಲಪಾಳ್ಯ, ಗಂಗೊಂಡನಹಳ್ಳಿ, ಹೊಸಹಳ್ಳಿ. ಇದರಲ್ಲಿ ಪೇಟೆಯ ಹೆಸರು ಯಾವುದೇನ್ರಿ? ಎಲ್ಲವೂ ನಮ್ಮ ಊರುಗಳಂಥ ಊರುಗಳ ಹೆಸರೇ. ಹೆಸರು ಬಸ್ಸಿನ ಬೋರ್ಡಿನ ಮೇಲೆ ಉಳಿಯಿತು. ಹೊಲ ಉಳಿಯಲಿಲ್ಲ.

ಊರು ಬೆಳೆಯಬಾರದು ಅಂತ ನಾವು ಹೇಳುವುದಿಲ್ಲ. ನಮ್ಮ ಮಕ್ಕಳೇ ಅಲ್ಲಿ ಬಾಡಿಗೆ ಮನೆ ಹಿಡಿದು ಓದುತ್ತಾರೆ, ದುಡಿಯುತ್ತಾರೆ. ನಮ್ಮ ಹಾಲು, ಸೊಪ್ಪು, ಟೊಮೇಟೊ ಅಲ್ಲಿಗೇ ಹೋಗಬೇಕು. ನಮ್ಮ ಪ್ರಶ್ನೆ ಬೇರೆ. ಹೊಲ ಪೇಟೆಯಾದಾಗ ಬೆಲೆ ಏರುತ್ತದಲ್ಲ, ಆ ಏರಿದ ಬೆಲೆ ಯಾರ ಜೇಬಿಗೆ?

1945ರಲ್ಲಿ ಬೆಂಗಳೂರಿಗೆ ಸಿಐಟಿಬಿ ಬಂತು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ಜಮೀನು ತೆಗೆದುಕೊಳ್ಳುವ ಕಾನೂನು ಮಾತ್ರ ಬ್ರಿಟಿಷರ ಕಾಲದ 1894ರದ್ದೇ. ಅಧಿಸೂಚನೆ ಹೊರಟ ದಿನ ಹೊಲಕ್ಕೆ ಏನು ಬೆಲೆಯೋ ಅದು, ಅದರ ಮೇಲೆ ನೂರಕ್ಕೆ 15ರಷ್ಟು ಸಮಾಧಾನದ ಹಣ. 1984ರ ತಿದ್ದುಪಡಿಯಲ್ಲಿ ಆ 15 ಹೋಗಿ 30 ಆಯಿತು. ಅಂದರೆ ಕೊಳ್ಳುವುದು ರಾಗಿ ಹೊಲದ ಬೆಲೆಗೆ, ಹಂಚುವುದು ಸೈಟಿನ ಬೆಲೆಗೆ. ಮೂಲೆ ಸೈಟುಗಳಂತೂ ಹರಾಜಿಗೆ. ನಾವು ಮಂಡಿಯಲ್ಲಿ ಟೊಮೇಟೊ ಕೊಟ್ಟು ಬಂದ ಮೇಲೆ ಅದೇ ಟೊಮೇಟೊ ಪೇಟೆಯಲ್ಲಿ ಮೂರು ಪಟ್ಟು ಬೆಲೆಗೆ ಮಾರುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತೇವೆ. ಭೂಮಿಯ ವಿಷಯದಲ್ಲಿ ನಡೆಯುವುದೂ ಅದೇ. ಒಂದೇ ವ್ಯತ್ಯಾಸ, ಟೊಮೇಟೊ ಮುಂದಿನ ಬೆಳೆಗೆ ಮತ್ತೆ ಬರುತ್ತದೆ.

ದೊಡ್ಡವರು ಭಾಷಣದಲ್ಲಿ ದೇಶ ಬೇಗಬೇಗ ನಗರವಾಗುತ್ತಿದೆ, ಉದ್ಯಮಕ್ಕೆ ಎಂಥಾ ಅವಕಾಶ ಅಂತಾರೆ. ನಿಜ. ಆದರೆ ನಗರದ ಮೊದಲನೆಯ ಉದ್ಯಮ, ಎಲ್ಲಕ್ಕಿಂತ ಲಾಭದ ಉದ್ಯಮ, ಹೊಲವನ್ನು ಸೈಟು ಮಾಡುವುದು. ಸಿಮೆಂಟು, ಹೋಟೆಲು, ಕಂಪ್ಯೂಟರು ಎಲ್ಲ ಆಮೇಲಿನವು. ಆ ಮೊದಲನೆಯ ಉದ್ಯಮಕ್ಕೆ ಕಚ್ಚಾ ಮಾಲು ಕೊಡುವವನು ರೈತ. ಪಾಲುದಾರನಾಗಬೇಕಾದವನನ್ನು ಫಲಾನುಭವಿ ಅಂತ ಕರೆದು ಚೆಕ್ಕು ಕೊಟ್ಟು ಕಳಿಸುತ್ತಾರೆ.

ಕೇಂದ್ರ ಸರ್ಕಾರ 2015ರ ಜೂನ್‌ನಲ್ಲಿ ಸ್ಮಾರ್ಟ್ ಸಿಟಿ ಯೋಜನೆ ತಂದಿತು. ದೇಶದಲ್ಲಿ 100 ನಗರ. ನಮ್ಮ ರಾಜ್ಯದಲ್ಲಿ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕಡೆಗೆ 2017ರಲ್ಲಿ ಬೆಂಗಳೂರು. ಒಂದೊಂದಕ್ಕೂ ಕೇಂದ್ರದ ಪಾಲು ಸುಮಾರು 500 ಕೋಟಿ, ರಾಜ್ಯದ ಪಾಲೂ ಅಷ್ಟೇ. ಕೆಲಸ ನಡೆದದ್ದು ಹೆಚ್ಚಾಗಿ ಇದ್ದ ಪೇಟೆಯ ರಸ್ತೆ, ಮಾರುಕಟ್ಟೆ, ದೀಪ, ಕ್ಯಾಮೆರಾಗಳಲ್ಲಿ. 2025ರ ಮಾರ್ಚ್‌ಗೆ ಆ ಯೋಜನೆ ಮುಗಿಯಿತು. ಅದು ನಮ್ಮ ಹೊಲಕ್ಕೆ ಅಷ್ಟಾಗಿ ಕೈ ಹಾಕಲಿಲ್ಲ. ಹೊಲಕ್ಕೆ ಬಂದದ್ದು ಅದರ ಹೆಸರು.

ಆ ಹೆಸರು ಬಿಡದಿಗೆ ಹೇಗೆ ಬಂತು ನೋಡಿ. ಚಂದ್ರಾ ಲೇಔಟ್, ನಾಗರಭಾವಿ ಕಡೆಯ ಬಚ್ಚಲ ನೀರು ಸೇರುವುದು ವೃಷಭಾವತಿಗೆ. ವೃಷಭಾವತಿ ಹರಿದು ಬಿಡದಿ ಹೋಬಳಿಯ ಬೈರಮಂಗಲ ಕೆರೆ ತುಂಬುತ್ತದೆ. ಹೊಲಕ್ಕೆ ನೀರುಣಿಸಲೆಂದು 1940ರ ದಶಕದಲ್ಲಿ ಕಟ್ಟಿದ ಕೆರೆ ಅದು. ಬೆಂಗಳೂರು ಬೆಳೆದಂತೆ ಆ ನೀರು ಕಪ್ಪಾಯಿತು, ನೊರೆಯಾಯಿತು. ರೈತ ಆ ನೀರಲ್ಲೇ ಹಿಪ್ಪುನೇರಳೆ, ಮೇವು, ತೆಂಗು ಬೆಳೆದು ಹಸು ಕಟ್ಟಿ ಬದುಕಿದ. ನಗರ ಮೊದಲು ಅವನಿಗೆ ತನ್ನ ಕೊಳೆ ಕೊಟ್ಟಿತು. ಈಗ ಅವನ ಹೊಲ ಕೇಳುತ್ತಿದೆ. 2006ರಲ್ಲೇ ಅಲ್ಲಿ ಟೌನ್‌ಶಿಪ್ ಅಂದರು. ದೆಹಲಿ ಕಡೆಯ ದೊಡ್ಡ ಕಂಪನಿ ಬಂತು, ಕೈಬಿಟ್ಟು ಹೋಯಿತು. ಆಮೇಲೆ ಬಿಡದಿ ಸ್ಮಾರ್ಟ್ ಸಿಟಿ ಯೋಜನಾ ಪ್ರಾಧಿಕಾರ ಅಂತಾಯಿತು. ಅದೂ ಹೋಗಿ ಗ್ರೇಟರ್ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಂತಾಯಿತು. 2025ರ ಮಾರ್ಚ್‌ನಲ್ಲಿ ಏಳು ಸಾವಿರ ಎಕರೆಗೂ ಹೆಚ್ಚು ಭೂಮಿಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು, ಬೈರಮಂಗಲದಲ್ಲಿ ರೈತರು ಧರಣಿ ಕೂತರು. ಬೋರ್ಡು ಎಷ್ಟು ಸಾರಿ ಬದಲಾದರೂ ಬೋರ್ಡಿನ ಕೆಳಗಿನ ಹೊಲ ಒಂದೇ.

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬನ್ನಿ. ಹಣ ಬೇಡವೆಂದರೆ ಅಭಿವೃದ್ಧಿ ಮಾಡಿದ ಜಾಗದಲ್ಲಿ ನಿಮಗೆ 40 ಪಾಲು, ನಮಗೆ 60 ಪಾಲು ಎಂಬುದು ಬಿಡಿಎಯ ಹೆಸರಾಂತ ಸೂತ್ರ. ಕೇಳಲು ಚೆನ್ನಾಗಿದೆ. ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು, ಇತರ ಸೌಕರ್ಯಕ್ಕೆ ನೂರಕ್ಕೆ 45 ಹೋಯಿತು. ಉಳಿದದ್ದು 23,958 ಚದರಡಿ. ಮೂವತ್ತು ನಲವತ್ತರ ಸೈಟು 1,200 ಚದರಡಿ, ಅಂದರೆ ಎಕರೆಗೆ ಹತ್ತಿರ ಹತ್ತಿರ 20 ಸೈಟು. ನಿಮ್ಮ 40 ಪಾಲು ಬರುವುದು ಇಡೀ ಎಕರೆಯಲ್ಲಲ್ಲ, ಈ ಉಳಿದದ್ದರಲ್ಲಿ. ಅದು 9,583 ಚದರಡಿ, ಸುಮಾರು 8 ಸೈಟು. ಗುಂಟೆಯಲ್ಲಿ ಹೇಳಿದರೆ ಎಂಟು ಮುಕ್ಕಾಲು ಗುಂಟೆ ಚಿಲ್ಲರೆ. ಬಾಯಲ್ಲಿ ನೂರಕ್ಕೆ 40, ಕೈಗೆ ನೂರಕ್ಕೆ 22.

ಅದಾದರೂ ಯಾವಾಗ ಕೈಗೆ? ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನೇ ನೋಡಿ. ಚಂದ್ರಾ ಲೇಔಟ್‌ನಿಂದ ಇನ್ನೂ ಪಶ್ಚಿಮಕ್ಕೆ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, 12 ಹಳ್ಳಿಯ ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿ. 2008ರಲ್ಲಿ ಪ್ರಾಥಮಿಕ ಅಧಿಸೂಚನೆ, 2010ರಲ್ಲಿ ಅಂತಿಮ. ಸಾರ್ವಜನಿಕರಿಗೆ ಸೈಟು ಹಂಚಿಕೆ ಶುರುವಾದದ್ದು 2016ರಲ್ಲಿ. ಸೈಟು ಸಿಕ್ಕವರೂ ನೀರು, ಚರಂಡಿ, ರಸ್ತೆಗೆ ವರ್ಷಗಟ್ಟಲೆ ಕಾದರು. ಪೆರಿಫೆರಲ್ ರಿಂಗ್ ರಸ್ತೆಯ ಕಥೆ ಇನ್ನೂ ಉದ್ದ. ಅದರ ಅಂತಿಮ ಅಧಿಸೂಚನೆ 2007ರದ್ದು. ಅಧಿಸೂಚನೆ ಬಿದ್ದ ಹೊಲವನ್ನು ಮಾರಲು ಬಾರದು, ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಾರೆ, ಬೋರು ತೆಗೆಸಲು ಮನಸ್ಸು ಬಾರದು. ಆದರೆ ಸಾಲದ ಬಡ್ಡಿಗೆ ಅಧಿಸೂಚನೆ ಇಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಕೈಸಾಲ ತಂದವನಿಗೆ ಒಂದು ಲಕ್ಷದ ಮೇಲೆ ಆರು ವರ್ಷಕ್ಕೆ ಬಡ್ಡಿಯೇ 1,44,000 ರೂಪಾಯಿ. ಕಾಯುವ ಶಕ್ತಿ ಇಲ್ಲದವನು ದಲ್ಲಾಳಿ ಹೇಳಿದ ಬೆಲೆಗೆ ಕರಾರು ಬರೆದುಕೊಡುತ್ತಾನೆ. ಸಾಲ ಇರುವವನ ಹೊಲ ಯಾವಾಗಲೂ ಅಗ್ಗ.

ಕಾನೂನಿನ ಮಾತು. 2014ರ ಜನವರಿಯಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆ ಹಿಂದಿನದಕ್ಕಿಂತ ಮೇಲು. ಸಮಾಧಾನದ ಹಣ ನೂರಕ್ಕೆ ನೂರು. ಹಳ್ಳಿಯ ಜಮೀನಾದರೆ ಮಾರುಕಟ್ಟೆ ಬೆಲೆಯನ್ನೇ ಎರಡು ಪಟ್ಟಿನವರೆಗೆ ಏರಿಸಲು ಅವಕಾಶ. ಖಾಸಗಿ ಕಂಪನಿಗಾದರೆ ನೂರಕ್ಕೆ 80 ಜನರ ಒಪ್ಪಿಗೆ ಬೇಕು. ಆದರೆ ಬಿಡಿಎ ಕಾಯ್ದೆಯಡಿ ತೆಗೆದುಕೊಳ್ಳುವ ಭೂಮಿಗೆ ಇದು ಅನ್ವಯಿಸುವುದಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ನೋಟಿಸು ಬಂದ ದಿನ ಎಷ್ಟು ಕೊಡ್ತೀರಿ ಅಂತ ಕೇಳಬೇಡಿ. ಯಾವ ಕಾಯ್ದೆಯಲ್ಲಿ ತೆಗೆದುಕೊಳ್ತೀರಿ ಅಂತ ಮೊದಲು ಕೇಳಿ. ಒಂದೇ ಬದುವಿನ ಆಚೆ ಈಚೆ ಕಾಯ್ದೆ ಬೇರೆಯಾದರೆ ಬೆಲೆಯೂ ಬೇರೆ. ಇದನ್ನು ಒಂದು ಮಾಡಬೇಕಾದದ್ದು ಶಾಸನಸಭೆ, ಅದನ್ನು ಕೇಳಬೇಕಾದವರು ನಾವು.

ನಮ್ಮ ಕೈಯಲ್ಲಿರುವ ಸಂಗತಿಯೂ ಒಂದಿದೆ. ನೋಂದಣಿ ಖರ್ಚು ಉಳಿಸಲು ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸುವುದು ಊರೂರಲ್ಲಿ ನಡೆದಿದೆ. 2013ರ ಕಾಯ್ದೆಯಲ್ಲಿ ಬೆಲೆ ಕಟ್ಟುವುದೇ ಹಿಂದಿನ ಮೂರು ವರ್ಷದ ಕ್ರಯಪತ್ರ ನೋಡಿ, ಹೆಚ್ಚು ಬೆಲೆಯ ಅರ್ಧದಷ್ಟು ಪತ್ರಗಳ ಸರಾಸರಿ ಹಿಡಿದು. ಇಲ್ಲವೇ ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಹೆಚ್ಚಿನದು. ನೀವು ಸುಳ್ಳು ಬೆಲೆ ಬರೆಸಿದರೆ ನಾಳೆ ಇಡೀ ಊರಿನ ಪರಿಹಾರವನ್ನು ಇಳಿಸಿದ ಹಾಗೆ.

ಬೇಡ ಎನ್ನುವ ದಾರಿಯೂ ಇದೆ. ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಯ 1,777 ಎಕರೆಗೆ ಕೈಗಾರಿಕೆಯ ಹೆಸರಲ್ಲಿ ಅಧಿಸೂಚನೆ ಬಂತು. ರೈತರು 2022ರಲ್ಲಿ ಕೂತ ಧರಣಿಯಿಂದ ಸಾವಿರ ದಿನ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಸ್ವಾಧೀನ ಕೈಬಿಟ್ಟೆವೆಂದು ಘೋಷಿಸಿದರು. ಒಬ್ಬೊಬ್ಬನೇ ಹೋಗಿ ಕಚೇರಿ ಬಾಗಿಲಲ್ಲಿ ನಿಂತಿದ್ದರೆ ಇದು ಆಗುತ್ತಿತ್ತೇ?

ಕೊಡುವುದಾದರೂ ಒಟ್ಟಾಗಿ ಕೊಡುವ ದಾರಿ ಇದೆ. ಪುಣೆಯ ಹಡಪ್ಸರದಲ್ಲಿ ಮಗರಪಟ್ಟಾ ಎಂಬಲ್ಲಿ ಸುಮಾರು 120 ರೈತ ಕುಟುಂಬಗಳು ನಾನೂರು ಎಕರೆಗೂ ಹೆಚ್ಚು ಕಬ್ಬಿನ ಹೊಲವನ್ನು ಒಂದುಗೂಡಿಸಿ ತಾವೇ ಕಂಪನಿ ಮಾಡಿಕೊಂಡವು. ಹೊಲ ಎಷ್ಟೋ ಅಷ್ಟು ಷೇರು. 2000ದ ಹೊತ್ತಿಗೆ ಕಟ್ಟಲು ಶುರು ಮಾಡಿ ಮನೆ, ಕಚೇರಿ, ಆಸ್ಪತ್ರೆ ಎಲ್ಲ ಕಟ್ಟಿಸಿದರು. ಬಿಲ್ಡರಿಗೆ ಹೋಗುವ ಲಾಭ ರೈತನಿಗೆ ಬಂತು. ಇದರ ಎದುರಿಗೆ ಆಂಧ್ರದ ಅಮರಾವತಿ ಇದೆ. 2015ರಲ್ಲಿ ರಾಜಧಾನಿಗೆಂದು ಮೂವತ್ತು ಸಾವಿರ ಎಕರೆಗೂ ಹೆಚ್ಚು ಹೊಲವನ್ನು ರೈತರು ಸರ್ಕಾರದ ಮಾತು ನಂಬಿ ಕೊಟ್ಟರು. 2019ರಲ್ಲಿ ಸರ್ಕಾರ ಬದಲಾಯಿತು, ಒಂದು ರಾಜಧಾನಿ ಅಲ್ಲ ಮೂರು ಅಂದಿತು, ಕೆಲಸ ನಿಂತಿತು. ಮತ್ತೆ ಜೀವ ಬಂದದ್ದು 2024ರಲ್ಲಿ ಇನ್ನೊಮ್ಮೆ ಸರ್ಕಾರ ಬದಲಾದ ಮೇಲೆ. ಒಬ್ಬರ ಕೈಯಲ್ಲಿ ಷೇರು ಪತ್ರ ಇತ್ತು, ಇನ್ನೊಬ್ಬರ ಕೈಯಲ್ಲಿ ಇದ್ದದ್ದು ಸರ್ಕಾರದ ಭರವಸೆ.

'ಏನಯ್ಯಾ, ಎಕರೆಗೆ ಕೋಟಿ ಬರುತ್ತೆ, ಸಾಲ ತೀರುತ್ತೆ, ಇನ್ನೇನು ಬೇಕು?' ಅಂತ ಕೇಳುವವರು ನಮ್ಮಲ್ಲೇ ಇದ್ದಾರೆ. ಸಾಲ ತೀರುವುದು ಸುಳ್ಳಲ್ಲ. ಮಗಳ ಮದುವೆ, ಮಗನ ಕಾರು, ಅಣ್ಣತಮ್ಮಂದಿರ ಪಾಲು, ಹೆಣ್ಣುಮಕ್ಕಳ ದಾವೆ, ವಕೀಲರ ಫೀಸು, ಇಷ್ಟು ಕಳೆದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಹೊಲ ಕೊಟ್ಟ ಊರಿಗೆ ಹೋಗಿ ಕೇಳಿ ಬನ್ನಿ. ಹೊಲ ಮಗನ ಕಾಲಕ್ಕೂ ಅನ್ನ ಕೊಡುತ್ತದೆ. ಅದರ ಬದಲಿಗೆ ಬರುವುದೂ ಹಾಗೇ ವರ್ಷ ವರ್ಷ ಕೊಡುವಂಥದ್ದಾಗಬೇಕು: ದೊಡ್ಡ ರಸ್ತೆಗೆ ಮುಖವಿರುವ ಅಂಗಡಿ ಜಾಗ, ಬಾಡಿಗೆ, ಷೇರು. ಹೊಲ ಕೊಟ್ಟವನ ಮಗ ಅದೇ ರಸ್ತೆಯ ಅಂಗಡಿಗೆ ಯಜಮಾನನಾಗಬೇಕೋ ಕಾವಲುಗಾರನಾಗಬೇಕೋ ಎಂಬುದು ತೀರ್ಮಾನವಾಗುವುದು ನೀವು ಸಹಿ ಹಾಕುವ ದಿನವೇ.

ಆದ್ದರಿಂದ ಊರಲ್ಲಿ ಸಭೆ ಕರೆಯಿರಿ. ಪಹಣಿ, ಪೋಡಿ, ಪೌತಿ ಖಾತೆ ಈಗಲೇ ಸರಿಮಾಡಿಸಿಕೊಳ್ಳಿ; ಸತ್ತವರ ಹೆಸರಲ್ಲಿ ಖಾತೆ ಇದ್ದರೆ ಪರಿಹಾರ ಕೋರ್ಟಿಗೆ ಹೋಗಿ ಕೂರುತ್ತದೆ. ನೋಟಿಸು ಬಂದರೆ ಅದರಲ್ಲಿ ಬರೆದ ಗಡುವಿನೊಳಗೆ, ಹೆಚ್ಚಾಗಿ 30 ದಿನ, ಪ್ರತಿಯೊಬ್ಬರೂ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ದಲ್ಲಾಳಿಗೆ ಖಾಲಿ ಕಾಗದದ ಮೇಲೆ ಸಹಿ ಮಾಡಬೇಡಿ. ಪಾಲು ಎಂದರೆ ಯಾವುದರಲ್ಲಿ ಪಾಲು, ಎಷ್ಟು ಚದರಡಿ, ಯಾವ ರಸ್ತೆಗೆ, ಯಾವ ವರ್ಷದೊಳಗೆ ಎಂದು ಬರೆಸಿಕೊಳ್ಳಿ. ಸೈಟು ಕೈಗೆ ಬರುವವರೆಗೆ ಎಕರೆಗೆ ಇಷ್ಟೆಂದು ವರ್ಷಾಶನ ಕೇಳಿ. ತಡವಾದರೆ ಬಡ್ಡಿ ಕೇಳಿ. ಬ್ಯಾಂಕು ನಮ್ಮಿಂದ ಒಂದು ದಿನದ ಬಡ್ಡಿ ಬಿಡುತ್ತದೆಯೇ?

ಗೊಬ್ಬರದ ಬೆಲೆ, ಕಬ್ಬಿನ ಬೆಲೆ, ಹಾಲಿನ ಬೆಲೆಗೆ ಬೀದಿಗಿಳಿದವರು ನಾವು. ಒಂದೇ ಸಾರಿ ಮಾರುವ ಮಾಲಿನ ಬೆಲೆ ಕೇಳಲು ಸಂಕೋಚವೇಕೆ?