ಕಚೇರಿ ಕಟ್ಟಡಕ್ಕೂ ಇವತ್ತಿನ ಬೆಲೆ ಕಟ್ಟಿ

ದೊಡ್ಡ ವಾಣಿಜ್ಯ ಆಸ್ತಿಗೆ ಇವತ್ತಿನ ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಹಾಕಿ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಿಗೂ ಕಮ್ಯುನಿಟಿ ಕಾಲೇಜುಗಳಿಗೂ ಹಣ ತರಬೇಕಿದ್ದ 15ನೇ ಪ್ರಸ್ತಾವ 2020ರ ನವೆಂಬರ್‌ನಲ್ಲಿ ಸೋತಿತು. ಪರವಾಗಿ ಬಿದ್ದದ್ದು ಶೇ 48ರಷ್ಟು ಮತ. ಅಷ್ಟು ಹತ್ತಿರ ಬಂದದ್ದನ್ನು ಕೈಬಿಡಬಾರದು. ಅದು ಮತ್ತೆ ಮತಪತ್ರಕ್ಕೆ ಬರಲೇಬೇಕು.

ತೊಡಕಿನ ಬೇರು 1978ರಲ್ಲಿದೆ. ಆ ವರ್ಷ ಮತದಾರರು ಒಪ್ಪಿದ 13ನೇ ಪ್ರಸ್ತಾವದಂತೆ ಆಸ್ತಿ ತೆರಿಗೆಯ ದರ ಶೇ 1. ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಆಸ್ತಿ ಕೈ ಬದಲಾಯಿಸಿದಾಗ ಇಲ್ಲವೇ ಹೊಸದಾಗಿ ಕಟ್ಟಿದಾಗ ಮಾತ್ರ ಮಾರುಕಟ್ಟೆ ಬೆಲೆ. ಪಿಂಚಣಿ ನಂಬಿದ ವೃದ್ಧರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಎಂಬ ಕಳಕಳಿ ನ್ಯಾಯವಾದದ್ದೇ. ಆದರೆ ಅದೇ ರಕ್ಷಣೆ ಕಚೇರಿ ಸಂಕೀರ್ಣಗಳಿಗೂ ಮಾಲ್‌ಗಳಿಗೂ ಥೀಮ್ ಪಾರ್ಕ್‌ಗಳಿಗೂ ಸಿಕ್ಕಿತು.

ಮನೆ ಇಂದಲ್ಲ ನಾಳೆ ಮಾರಾಟವಾಗುತ್ತದೆ. ಕಂಪನಿಗೆ ಸಾವಿಲ್ಲ, ಅದರ ಷೇರುಗಳಷ್ಟೇ ಕೈ ಬದಲಾಯಿಸುತ್ತವೆ. ಕಂಪ್ಯೂಟರ್ ಉದ್ಯಮಿ ಮೈಕೆಲ್ ಡೆಲ್ 2006ರಲ್ಲಿ ಸಾಂಟಾ ಮೋನಿಕಾದ ಸಮುದ್ರದಂಡೆಯ ಹೋಟೆಲೊಂದನ್ನು ಕೊಂಡಾಗ ಯಾರೊಬ್ಬರ ಪಾಲೂ ಅರ್ಧ ದಾಟದಂತೆ ವ್ಯವಹಾರ ಹೆಣೆಯಲಾಯಿತು. ಲಾಸ್ ಏಂಜಲಿಸ್ ಕೌಂಟಿ ನ್ಯಾಯಾಲಯದವರೆಗೂ ಹೋಗಿ ಸೋತಿತು: ಯಾರೊಬ್ಬರ ಪಾಲೂ ಅರ್ಧ ದಾಟದ್ದರಿಂದ ಕಾನೂನಿನ ಕಣ್ಣಲ್ಲಿ ಆ ಹೋಟೆಲಿನ ಒಡೆತನ ಬದಲಾಗಿರಲೇ ಇಲ್ಲ. ಈ ಕಂಡಿಯನ್ನು ಮುಚ್ಚದೆ ಶಾಲೆಗೆ ದುಡ್ಡಿಲ್ಲ ಎನ್ನುವುದು ಅನ್ಯಾಯ.

ಸನಿವೇಲ್, ಫ್ರೀಮಾಂಟ್‌ಗಳಲ್ಲಿ ಮನೆ ಕೊಂಡ ಕನ್ನಡದ ಕುಟುಂಬಗಳಿಗೆ ಇದರ ಬಿಸಿ ಗೊತ್ತು. 15 ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ ಕನಿಷ್ಠ 15,000 ಡಾಲರ್ ತೆರಿಗೆ. ಅದೇ ಊರಿನಲ್ಲಿ ದಶಕಗಳಿಂದ ಕೈ ಬದಲಾಯಿಸದ ವಾಣಿಜ್ಯ ಜಾಗ ಎಪ್ಪತ್ತರ ದಶಕದ ಬೆಲೆಯ ನೆರಳಿನಲ್ಲೇ ಇದೆ.

15ನೇ ಪ್ರಸ್ತಾವ ಮನೆಗಳನ್ನು ಮುಟ್ಟಿರಲಿಲ್ಲ, ಕೃಷಿಭೂಮಿಯನ್ನೂ ಮುಟ್ಟಿರಲಿಲ್ಲ. ರಾಜ್ಯದಲ್ಲಿ ಒಟ್ಟು 30 ಲಕ್ಷ ಡಾಲರ್ ಮೀರದಷ್ಟು ವಾಣಿಜ್ಯ ಆಸ್ತಿಯಿರುವ ಮಾಲೀಕರಿಗೂ ಸಾಮಾನ್ಯವಾಗಿ ವಿನಾಯಿತಿಯಿತ್ತು. ಖರ್ಚು ಕಳೆದು ವರ್ಷಕ್ಕೆ 650 ಕೋಟಿಯಿಂದ 1,150 ಕೋಟಿ ಡಾಲರ್ ಬರುತ್ತದೆಂದು ಅಂದಾಜಾಗಿತ್ತು. ಅದರಲ್ಲಿ ಸುಮಾರು ಶೇ 40 ಶಾಲಾ-ಕಾಲೇಜುಗಳಿಗೆ, ಮಿಕ್ಕದ್ದು ಸ್ಥಳೀಯ ಆಡಳಿತಗಳಿಗೆ.

ಕಮ್ಯುನಿಟಿ ಕಾಲೇಜುಗಳನ್ನು ನಮ್ಮವರು ಹಗುರವಾಗಿ ಕಾಣುವುದುಂಟು. ಅದು ನನಗೆ ನೋವಿನ ಸಂಗತಿ. ಮೆಕ್ಯಾನಿಕ್ ಕೆಲಸ ಕಲಿಯುವ ಹುಡುಗ, ನರ್ಸಿಂಗ್ ಓದುವ ತಾಯಿ, ಎರಡು ವರ್ಷ ಕಡಿಮೆ ಶುಲ್ಕದಲ್ಲಿ ಓದಿ ಮುಂದೆ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋಗುವ ಬಡ ಮನೆಯ ಮಗಳು, ಎಲ್ಲರಿಗೂ ಅಲ್ಲಿ ಬಾಗಿಲು ತೆರೆದಿದೆ. ಗಂಡನ ವೀಸಾದ ಮೇಲೆ ಬಂದು, ದುಡಿಯಲು ಅನುಮತಿಯಿಲ್ಲದೆ ಮನೆಯಲ್ಲೇ ಉಳಿದ ನಮ್ಮ ಹೆಣ್ಣುಮಕ್ಕಳು ಮತ್ತೆ ಪುಸ್ತಕ ಹಿಡಿಯುವುದೂ ಇಂಥ ಕಾಲೇಜುಗಳಲ್ಲೇ.

ತೆರಿಗೆ ಏರಿದರೆ ಮಾಲೀಕರು ಅದನ್ನು ಬಾಡಿಗೆಗೆ ಸೇರಿಸುತ್ತಾರೆ, ಸಣ್ಣ ಅಂಗಡಿಯವನು ಸಾಯುತ್ತಾನೆ ಎಂದು ವಿರೋಧಿಗಳು ಹೆದರಿಸಿದರು. ತೆರಿಗೆಯನ್ನೂ ಬಾಡಿಗೆದಾರನೇ ಕಟ್ಟುವ ಕರಾರುಗಳಿರುವುದು ನಿಜ. ಸಣ್ಣ ಉದ್ಯಮಗಳೇ ಹೆಚ್ಚಾಗಿ ಬಾಡಿಗೆಗಿರುವ ಕಟ್ಟಡಗಳಿಗೆ ಕೆಲವು ವರ್ಷ ಕಾಲಾವಕಾಶ ಕೊಡುವ ಏರ್ಪಾಡು ಆ ಪ್ರಸ್ತಾವದಲ್ಲೇ ಇತ್ತು. ಉಳಿದಂತೆ ಬಾಡಿಗೆ ನಿಲ್ಲುವುದು ಬೀದಿಯ ಬೇಡಿಕೆಯ ಮೇಲೆ. ಹೋದ ವರ್ಷ ಮಾರಾಟವಾಗಿ ಪೂರ್ತಿ ತೆರಿಗೆ ಕಟ್ಟುವ ಕಟ್ಟಡವೂ ಪಕ್ಕದ ಹಳೆಯ ಕಟ್ಟಡವೂ ಒಂದೇ ದರ ಕೇಳುತ್ತವೆ. ಹಳೆಯ ಮಾಲೀಕನಿಗೆ ಉಳಿಯುವ ತೆರಿಗೆ ಅವನ ಜೇಬಿಗೇ ಹೋಗುತ್ತದೆ. ಇಲ್ಲಿ ಮತದ ಹಕ್ಕಿರುವ ಕನ್ನಡಿಗರು, ಇಂಥ ಪ್ರಸ್ತಾವಕ್ಕೆ ಮತ್ತೆ ಯಾರಾದರೂ ಸಹಿ ಕೇಳಿ ಬಂದರೆ, ದಯವಿಟ್ಟು ನಿಂತು ಓದಿ ಸಹಿ ಹಾಕಿ.