ಕುಡಿದು ಗಾಡಿ ಓಡಿಸಿದ್ರೆ ದಂಡ ಕಟ್ಟಿದರಷ್ಟೇ ಸಾಲದು, ಕ್ಲಾಸಿಗೂ ಕೂರಬೇಕು

ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಇದು ಬಹಳ ಜನಕ್ಕೆ ಗೊತ್ತು. ಆದರೆ 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ಇನ್ನೊಂದು ಏಟೂ ಇದೆ. ಪೊಲೀಸರು ಡಿಎಲ್ ಕಿತ್ತುಕೊಂಡು ಆರ್‌ಟಿಒಗೆ ಕಳಿಸಿದರೆ 3 ತಿಂಗಳು ಅಮಾನತು. ಮರುತರಬೇತಿ ಮುಗಿಸಿದರೇನೇ ವಾಪಸ್.

ಅಂಗಡಿಗೆ ಮಾಲು ತರೋ ಗೂಡ್ಸ್ ಆಟೋದವನಿಗೆ ಇದು ದಂಡಕ್ಕಿಂತ ದೊಡ್ಡ ಪೆಟ್ಟು. ದಂಡ ಸಾಲ ಮಾಡಿ ಕಟ್ಟಬಹುದು, 3 ತಿಂಗಳ ದುಡಿಮೆ ಎಲ್ಲಿಂದ ತರೋದು? ಇಷ್ಟು ಕಳ್ಕೊಂಡು ಬಂದವನಿಗೆ ಬರೀ ಹಾಜರಿ ಹಾಕಿ, ಸಿಗ್ನಲ್ ಪಾಠ ಹೇಳಿ ಕಳಿಸಿದ್ರೆ ಏನು ಪ್ರಯೋಜನ? ‘ಒಂದು ಕ್ವಾರ್ಟರ್‌ಗೆ ಏನೂ ಆಗಲ್ಲ’ ಅನ್ನೋ ನಂಬಿಕೆ ಅಲ್ಲಿ ಬಿಡಿಸಬೇಕು. ಕುಡಿತ ಚಟವಾಗಿದ್ದರೆ ಚಿಕಿತ್ಸೆಯ ದಾರಿ ತೋರಿಸಬೇಕು. ಎರಡನೇ ಸಲ ಸಿಕ್ಕಿದರೆ ದಂಡ 15,000 ರೂ., ಜೈಲು 2 ವರ್ಷದವರೆಗೆ.